ಪಿತ್ತ ಅಂದರೆ ಸಿಟ್ಟಲ್ಲ, ಅಣ್ಣಾ

ಅಣ್ಣಾ,

ಕೊರಿಯಾದ ಯುದ್ಧದಿಂದ ನೀನು ಪರೇಲಿನ ನಮ್ಮ ಚಾಳಿಗೆ ಬಂದಿಳಿದ ದಿನ ನೆನಪಿದೆಯೇ? ಸೇನೆಯ ಆಸ್ಪತ್ರೆ ತುಕಡಿಯಲ್ಲಿ ಗಾಯಾಳುಗಳನ್ನು ಹೊತ್ತ ಕೈಯಿಂದ ಟ್ರಂಕು ತೆರೆದು ಒಂದು ಪೊಟ್ಟಣ ಬೀಜ ತೆಗೆದೆ. "ಇಷ್ಟ್ ದೂರ ಹೋಗಿ ಬೋರಿ ಬೀಜ ತಂದಿಯೇನೋ?" ಎಂದು ನಾನು ನಕ್ಕೆ. "ಅದರ ದಾಯಾದಿ. ಹುರಿದು ಕುದಿಸಿ ಕುಡಿದ್ರ ನಿದ್ದಿ ಬರ್ತದ" ಎಂದು ನೀನೂ ನಕ್ಕೆ. ಗುಂಡಿನ ಸದ್ದಿಗೆ ನಿನ್ನ ನಿದ್ದೆ ಹಾರಿಹೋಗಿತ್ತಂತೆ. ಅಲ್ಲಿನ ಮುದಿ ವೈದ್ಯನೊಬ್ಬ ನಾಡಿ ಹಿಡಿದು, ಮಣಿಕಟ್ಟಿಗೆ ಕೂದಲಿನಂಥ ಸೂಜಿ ಚುಚ್ಚಿ, ಕೇಳಿದ್ದು ಒಂದೇ: ಯಾವಾಗ ಬೆಚ್ಚಿದೆ?

ಮಿಲ್ಲಿನ ಮುಷ್ಕರದಲ್ಲಿ ಲಾಠಿ ಬಿದ್ದ ಮೇಲೆ ನನಗೂ ಕಣ್ಣು ಹತ್ತಲಿಲ್ಲ. ನೀನು ನಾಡಿ ಹಿಡಿದು, "ನಿನ್ನ ಪಿತ್ತ ಸೊರಗೇದ, ತಮ್ಮಾ" ಅಂದೆ. ನಾನು ಉರಿದುಬಿದ್ದೆ. ಗೇಟ್ ಮೀಟಿಂಗಿನಲ್ಲಿ ಪಿತ್ತ ನೆತ್ತಿಗೇರಿದವನೆಂದು ಹೆಸರಾದ ನನ್ನ ಸಿಟ್ಟು ಸತ್ತಿತು ಎನ್ನುತ್ತೀಯಾ? "ನಿದ್ದಿ ತಿನ್ನೋದು ರಾತ್ರಿ ಪಾಳಿ. ಬೀಜ ಕುದಿಸಿದ್ರ ಪಾಳಿ ಬದಲಾಗ್ತದೇನು?" ಎಂದು ಕೂಗಿದೆ. ನೀನು ನಿನ್ನ ಹೆಂಡತಿಗೆ, ನನ್ನ ವೈನಿಗೆ, "ಇವಂಗ ಚಾ ಕೊಡಬ್ಯಾಡ" ಅಂದೆ, ಅಷ್ಟೇ. ಮುಂದೆ ಬಿಡಿಸಿ ಹೇಳುತ್ತಿದ್ದೆಯೋ ಏನೋ, ಅಷ್ಟರಲ್ಲಿ ಆ ಮಳೆಗಾಲದ ಜ್ವರ...

ನೀನು ಹೋದ ಮೇಲೆ ವೈನಿಗೆ ನಿದ್ದೆಯಿರಲಿಲ್ಲ. ಗೋಡೆಗೆ ಒರಗಿಯೇ ಬೆಳಗು ಮಾಡುತ್ತಿದ್ದರು. ನಾನು ಭಾಷಣ ಬಿಗಿದೆ, ಧೈರ್ಯ ತಗೊಳ್ರಿ ಅಂದೆ. ಭಾಷಣಕ್ಕೆ ಯಾರಿಗೆ ನಿದ್ದೆ ಬಂದೀತು?

ಮೊನ್ನೆ ಟ್ರಂಕಿನಲ್ಲಿ ನಿನ್ನ ನೋಟುಬುಕ್ಕು ಸಿಕ್ಕಿತು. "ನಮಗೆ ಧೈರ್ಯ ಎದೆಯಲ್ಲಿ, ಈ ಕೊರಿಯಾದವರಿಗೆ ಪಿತ್ತಕೋಶದಲ್ಲಿ. ಬೆಚ್ಚಿದರೆ ಅದು ಸೊರಗುತ್ತದೆ, ಹೃದಯ ಒಂಟಿಯಾಗುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ" ಎಂದು ಬರೆದಿದ್ದೆ. ನೀನು ನನ್ನನ್ನು ಹಳಿದಿರಲಿಲ್ಲ. ಹೆದರಿದ್ದೀಯ ಅಂದಿದ್ದೆ. ನಿಜ ಅಣ್ಣಾ, ಹೆದರಿದ್ದೆ.

ನಿನ್ನೆ ಉಳಿದ ಬೀಜ ಹುರಿದು ಕುದಿಸಿ ವೈನಿಯ ಮುಂದಿಟ್ಟು ಕೇಳಿದೆ: "ಯಾವಾಗ ಬೆಚ್ಚಿದ್ರಿ, ವೈನಿ?"

ಲೋಟದ ಅಂಚು ಸೆರಗಿನಿಂದ ಒರೆಸುತ್ತ ಅಂದರು: "ಮಾಲಕನ ಮನಶ್ಯಾ ಬಂದು, ಖಾಲಿ ಮಾಡ್ರಿ ಅಂತ ಖೋಲಿ ಅಳದು ಹೋದ್ನಲ್ಲ, ಅವತ್ತು. ಮುಷ್ಕರದಾಗ ನೀವು ಜೇಲಿಗೆ ಹೋದ್ರ ನಾ ಎಲ್ಲಿ ಹೋಗ್ಲಿ?"

"ಖೋಲಿ ಬಿಡೂದಿಲ್ಲ. ಇಡೀ ಚಾಳು ಬಾಗಿಲಿಗೆ ನಿಲ್ತದ" ಅಂದೆ. ಆಮೇಲೆ, "ನನಗೂ ಹೆದರಿಕಿ ಅದ, ವೈನಿ."

"ನಿಮಗ?" ನೀನು ಹೋದ ಮೇಲೆ ಮೊದಲ ಸಲ ನಕ್ಕರು. ಅರ್ಧ ಕುಡಿದು ಲೋಟ ನನ್ನತ್ತ ಸರಿಸಿದರು. ಕಹಿ, ಅಣ್ಣಾ.

ನಿದ್ದೆ ತಂದದ್ದು ನಿನ್ನ ಬೀಜವೋ, ನಿನ್ನ ಪ್ರಶ್ನೆಯೋ ಗೊತ್ತಿಲ್ಲ. ಇವತ್ತು ಮುಂಜಾನೆ ಮಿಲ್ಲಿನ ಭೋಂಗಾ ಕೂಗಿದರೂ ವೈನಿ ಏಳಲಿಲ್ಲ. ಸದ್ದು ಮಾಡದೆ ಕೊಡ ಎತ್ತಿಕೊಂಡು ನಳಕ್ಕೆ ನಾನೇ ಹೋದೆ.