ಮಂಡಿಯಲ್ಲಿ ಅಗಿದ ಕಡಲೆಕಾಯಿ

ಡಾಕ್ಟರಮ್ಮನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಅನ್ನ ಬಿಟ್ಟೆ, ರಾತ್ರಿಗೆ ಅರ್ಧ ಮುದ್ದೆಗೇ ಸಾಕು ಮಾಡಿದೆ. ಆದರೂ ತೂಕ ಇಳಿದಿಲ್ಲ. "ಬೇರೆ ಏನಾದ್ರೂ ತಿಂತೀರಾ?" ಅಂತ ಕೇಳಿದಿರಿ. ಇಲ್ಲ ಅಂದೆ. ಆದರೆ ಮಂಡಿಗೆ ರೈತರು ತಂದ ಕಾಯಿಗೆ ಬೆಲೆ ಹೇಳುವ ಮುಂಚೆ ಪ್ರತಿ ಚೀಲದಿಂದಲೂ ನಾಲ್ಕು ಕಡಲೆಕಾಯಿ ಸುಲಿದು ಅಗಿದು ನೋಡುತ್ತೇನೆ. ಅದನ್ನು ಕೆಲಸ ಅಂದುಕೊಂಡಿದ್ದೆ, ತಿನ್ನುವುದು ಅಂದುಕೊಂಡಿರಲಿಲ್ಲ. ನಿನ್ನೆ ಅಗಿದಷ್ಟೇ ಕಾಯಿ ಬೇರೆ ತೆಗೆದಿಟ್ಟು ನೋಡಿದರೆ ಒಂದು ಸೇರು ತುಂಬಿತು.

ಇನ್ನು ಮೇಲೆ ಅಗಿದು ಉಗಿಯುತ್ತೇನೆ. ಆದರೆ ಮಂಡಿಯಲ್ಲಿ ಕಾಯಿ ಆರಿಸುವ ಹನುಮಕ್ಕ ತಾನೇ ಸುಲಿದು, "ತಿನ್ನಪ್ಪ, ಸೊರಗೋಗಿದ್ದೀಯ" ಅಂತ ಒಂದು ಹಿಡಿ ಕೈಗೆ ಹಾಕುತ್ತಾಳೆ. ನನ್ನವಳು ತೀರಿಕೊಂಡ ಮೇಲೆ ನನಗೆ ತಿನ್ನು ಅನ್ನುವವಳು ಅವಳೊಬ್ಬಳೇ. ಬೇಕಾದರೆ ಆ ಅರ್ಧ ಮುದ್ದೆಯನ್ನೂ ಬಿಡುತ್ತೇನೆ. ಅವಳು ಕೊಡುವ ಹಿಡಿಯನ್ನು ಮಾತ್ರ ಬೇಡ ಅನ್ನಬೇಡಿ.

ಇಂತಿ,
ಚಿಕ್ಕನರಸಯ್ಯ,
ಕಡಲೆಕಾಯಿ ಮಂಡಿ, ಶಿರಾ