ಮೂರು ನಲವತ್ತು

ಗುರುವಾರ, ನವೆಂಬರ್ 13

ಮೂರನೇ ಐವಿಎಫ್‌ನಲ್ಲೂ ಗರ್ಭ ನಿಲ್ಲಲಿಲ್ಲ. ಮಧ್ಯಾಹ್ನ ಜಯನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ರಿಪೋರ್ಟನ್ನು ನಮ್ಮ ಕಡೆ ತಿರುಗಿಸಿದರು. ನನಗೆ ಅಳು ಬರಲಿಲ್ಲ. ನನ್ನ ಗಂಡ ಚಿದಾನಂದ್ ಡಾಕ್ಟರನ್ನು ಬಿಡಲಿಲ್ಲ.

"ಒಂದೊಂದ್ಸಲಕ್ಕೂ ನಲವತ್ತು ಪರ್ಸೆಂಟ್ ಅಂದಿದ್ರಿ ಮೇಡಂ. ಮೂರು ಸಲಕ್ಕೆ ನೂರಿಪ್ಪತ್ತು ಆಯ್ತಲ್ಲ?"

"ಅದು ಹಾಗೆ ಕೂಡಲ್ಲ ಸಾರ್. ಐದು ಜೋಡೀಲಿ ಒಂದಕ್ಕೆ ಮೂರು ಸಲಾನೂ ಆಗಲ್ಲ."

ಅದು ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಈ ಸಲ ಆಗಲೇಬೇಕು ಎಂದು ಚಿದಾನಂದ್ ಅತ್ತೆಯ ಮುಂದೆ ಮೂರು ನಲವತ್ತು ಕೂಡಿಸಿ ತೋರಿಸಿದಾಗಲೂ ತಿದ್ದಲಿಲ್ಲ. ಕೇಳಲು ಹಿತವಾಗಿತ್ತು. ದಿನ ಹೋದಂತೆ ನಾನೂ ನಂಬಿದೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಇನ್ನೊಂದ್ಸಲ ನೋಡೋಣ್ವಾ ಅಂಜು? ಈಗ ಎಷ್ಟಿರುತ್ತೆ?"

"ನಲವತ್ತೇ ರೀ. ಅದಕ್ಕಿಂತ ಜಾಸ್ತಿ ಇರಲ್ಲ."

"ಅಷ್ಟೇನಾ" ಎಂದು ತಟ್ಟೆ ಎತ್ತಿಕೊಂಡು ಎದ್ದರು. ಮೊದಲ ಸಲ ಇದೇ ನಲವತ್ತು ಕೇಳಿ ದಾರಿಯಲ್ಲೇ ಗಾಡಿ ನಿಲ್ಲಿಸಿ ಮೈಸೂರ್ ಪಾಕ್ ಕಟ್ಟಿಸಿಕೊಂಡಿದ್ದರು.

ಹಿಂದೆಯೇ ಹೋಗಿ ಏನಾದರೂ ಹೇಳಬೇಕಿತ್ತು. ಹೋಗಲಿಲ್ಲ. ಏನೂ ಅನ್ನಿಸುತ್ತಿಲ್ಲ. ಹೊಟ್ಟೆಯ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡ ಜಾಗ ಮುಟ್ಟಿದರೆ ಮಾತ್ರ ಇನ್ನೂ ನೋಯುತ್ತದೆ. ಆಗಾಗ ಮುಟ್ಟಿ ನೋಡುತ್ತಿದ್ದೇನೆ.