ಹೊಸ ಹುಲ್ಲು ಬರುವ ಮುಂಚೆ

ನೇರ್ನ್, ಸೋಮವಾರ

ಮುದ್ದಿನ ಅಪ್ಪಾ,

ಗೆದ್ದುಬಿಟ್ಟೆ ಕಣಪ್ಪಾ, ಚಳಿಗಾಲದ ಗಾಲ್ಫ್ ಕಪ್ ಈಗ ನಮ್ಮ ಮನೆಯಲ್ಲಿದೆ, ಹ್ಯಾಮಿಶ್ ಅದರಲ್ಲೇ ಟೀ ಕುಡಿಯುತ್ತಿದ್ದಾನೆ! ಮದುವೆಯಾದ ಹೊಸತರಲ್ಲೇ ಗಂಡನನ್ನು ಸೋಲಿಸಿದವಳು ಈ ಊರಲ್ಲಿ ನಾನೊಬ್ಬಳೇ ಅಂತೆ.

ನೀನು ಮದುವೆಗೆ ಕೊಟ್ಟ ಅಮ್ಮನ ಪಟರ್‌ನಿಂದಲೇ, ಚೆಂಡನ್ನು ಗುಳಿಗೆ ತಳ್ಳುವ ಆ ಕೋಲಿನಿಂದಲೇ ಆಡಿದೆ. ಮೊದಮೊದಲು ಚೆಂಡು ಗುಳಿ ಮುಟ್ಟದೆ ನಿಂತುಬಿಡುತ್ತಿತ್ತು. "ಚಳಿಗಾಲದ ಹುಲ್ಲು ಸೋಮಾರಿ ಕಣೇ, ಅಂಜದೆ ತಳ್ಳು" ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಪ್ರತಿ ಸಲ ಚೆಂಡಿನ ಕೆಸರು ಒರೆಸಿ, ಗಟ್ಟಿಯಾಗಿ ತಳ್ಳಿದೆ.

ಇನ್ನೊಂದು ಮಾತು. ಹೆಪ್ಪುಗಟ್ಟಿದ ಇಬ್ಬನಿ ಕರಗುವವರೆಗೆ ಹುಲ್ಲಿಗೆ ಕಾಲಿಡಬಾರದು, ತುಳಿದರೆ ಕಪ್ಪಾಗುತ್ತದೆ ಎಂದು ನೀನೇ ಕಲಿಸಿದ್ದೆಯಲ್ಲ. ನಾವ್ಯಾರೂ ಇಟ್ಟಿರಲಿಲ್ಲ. ಆದರೂ ಇಬ್ಬನಿ ಕರಗಿದಾಗ ಕೊನೆಯ ಗುಳಿಯವರೆಗೆ ಕಪ್ಪು ಹೆಜ್ಜೆಗಳು ಕಂಡವು. ಪುಟ್ಟ ಹೆಜ್ಜೆಗಳು, ಎಡಗಾಲು ಹೊರಕ್ಕೆ ತಿರುಗಿದೆ; ಅಮ್ಮನದೂ ಹಾಗೇ ಇತ್ತೆಂದು ನೆನಪು. ವಾಪಸು ಹೋದ ಗುರುತಿಲ್ಲ.

"ಯಾವಳೋ ಕದ್ದು ಅಭ್ಯಾಸ ಮಾಡಿದಾಳೆ ಬಿಡೇ, ಹುಚ್ಚಿ!" ಎಂದು ಹ್ಯಾಮಿಶ್ ನಕ್ಕ. ನಾನೂ ನಕ್ಕೆ. ಆಮೇಲೆ ಆ ಹೆಜ್ಜೆಗಳ ಸಾಲಿನಲ್ಲೇ ಚೆಂಡು ತಳ್ಳಿದೆ. ನೇರ ಒಳಗೆ ಹೋಯಿತು.

ಅಮ್ಮನನ್ನು ಮಣ್ಣು ಮಾಡಿದ ಮೇಲೆ ನೀನು ಮೈದಾನಕ್ಕೆ ಕಾಲಿಟ್ಟಿಲ್ಲ, ಅವಳ ಹೆಸರನ್ನೂ ಎತ್ತಿಲ್ಲ. ಆದರೆ ಆ ಹೆಜ್ಜೆ ಅವಳದೋ ಅಲ್ಲವೋ ಎಂದು ಹೇಳಬಲ್ಲವನು ನೀನೊಬ್ಬನೇ. ಹೊಸ ಹುಲ್ಲು ಬಂದರೆ ಅಳಿಸಿಹೋಗುತ್ತದೆ. ಉಣ್ಣೆಯ ಕಾಲುಚೀಲ ತೆಗೆದಿಟ್ಟುಕೊ, ಬೆಕ್ಕನ್ನು ಪಕ್ಕದ ಮನೆಯ ಮೋರಾಗ್‌ಗೆ ಒಪ್ಪಿಸು. ನಿನ್ನನ್ನು ಕರೆದೊಯ್ಯಲು ಶುಕ್ರವಾರ, ಇನ್ವರ್ನೆಸ್‌ನಿಂದ ನಿನ್ನೂರು ಪರ್ತ್‌ಗೆ ಹೊರಡುವ ಮೊದಲ ರೈಲಿಗೆ ಬರುತ್ತೇನೆ.

ನಿನ್ನ
ಏಲಿ